ತುಟಿಗೆ ಜೋಮು, ಹಲ್ಲಿಗೆ ನೋವು: ಕೆಳದವಡೆ ಬ್ಲಾಕ್‌ನ ಅನಾಟಮಿ ಮತ್ತು ಫಿಸಿಯಾಲಜಿ

ಕೆಳದವಡೆಯ ಮೊದಲ ಮೋಲಾರ್‌ಗೆಂದು (ದವಡೆಹಲ್ಲಿಗೆಂದು) ಬ್ಲಾಕ್, ಅಂದರೆ ನರವನ್ನೇ ಮರಗಟ್ಟಿಸುವ ಚುಚ್ಚುಮದ್ದು, ಕೊಟ್ಟು ಹತ್ತು ನಿಮಿಷವಾಗಿದೆ. ರೋಗಿ ತುಟಿ ಮುಟ್ಟಿ ನೋಡಿಕೊಂಡು, "ಇದು ನನ್ನ ತುಟಿ ಅಂತಲೇ ಅನ್ನಿಸ್ತಿಲ್ಲ ಡಾಕ್ಟ್ರೇ" ಎನ್ನುತ್ತಾರೆ. ಅರ್ಧ ಗದ್ದಕ್ಕೂ ಜೋಮು ಹಿಡಿದಿದೆ. ಆದರೆ ಹಲ್ಲು ಕೊರೆಯುವ ಬರ್ ಎನಾಮಲ್ ದಾಟಿ ಅದರೊಳಗಿನ ಡೆಂಟಿನ್ ಮುಟ್ಟಿದ್ದೇ ತಡ, ಅವರ ಬೆರಳುಗಳು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿಯುತ್ತವೆ.

ಮೊದಲ ವರ್ಷದಲ್ಲಿ ಓದಿದ ಅನಾಟಮಿ, ಫಿಸಿಯಾಲಜಿ ಎರಡೂ ಕೆಲಸಕ್ಕೆ ಬರುವ ಗಳಿಗೆ ಇದು. ಬ್ಲಾಕ್ ಹಿಡಿಯಲಿಲ್ಲ ಎಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ. ಔಷಧ ನರದ ಪಕ್ಕಕ್ಕೆ ತಲುಪಿತೇ? ತಲುಪಿದ್ದರೆ, ನರ ಅದಕ್ಕೆ ಮಣಿಯುವ ಸ್ಥಿತಿಯಲ್ಲಿತ್ತೇ? ಮೊದಲನೆಯದಕ್ಕೆ ಉತ್ತರ ಎಲುಬು, ಸ್ನಾಯು, ನರಗಳ ನಕ್ಷೆಯಲ್ಲಿದೆ. ಎರಡನೆಯದಕ್ಕೆ ನರದ ಪೊರೆಯಲ್ಲಿದೆ. ಕೆಳಹಲ್ಲುಗಳಿಗೆ ಹೋಗುವ ಇನ್ಫೀರಿಯರ್ ಆಲ್ವಿಯೋಲಾರ್ ನರದ ಬ್ಲಾಕ್ ನೂರರಲ್ಲಿ 15ರಿಂದ 20 ಸಲ ಸರಿಯಾಗಿ ಹಿಡಿಯುವುದಿಲ್ಲ ಎಂದು ಪಠ್ಯಗಳೇ ಒಪ್ಪಿಕೊಳ್ಳುತ್ತವೆ. ಅದನ್ನು ಅದೃಷ್ಟದ ಮೇಲೆ ಹಾಕಿ ಔಷಧದ ಮತ್ತೊಂದು ಕಾರ್ಟ್ರಿಜ್ ಖಾಲಿ ಮಾಡುವ ಬದಲು, ಈ ಎರಡು ಪ್ರಶ್ನೆಗಳನ್ನು ಹಿಡಿದು ಸೂಜಿಯ ಹಾದಿಯಲ್ಲೇ ಒಮ್ಮೆ ನಡೆದು ಬರೋಣ.

ಮೇಲ್ದವಡೆಗೆ ಈ ತಾಪತ್ರಯ ಅಷ್ಟಾಗಿ ಇಲ್ಲ. ಅಲ್ಲಿ ಕೆನ್ನೆಯ ಕಡೆಯ ಎಲುಬಿನ ಹೊರಪದರ ತೆಳು, ರಂಧ್ರಮಯ. ಬೇರಿನ ತುದಿಯ ಹತ್ತಿರ ಔಷಧ ಬಿಟ್ಟರೆ ಅದು ಎಲುಬಿನೊಳಗೆ ಇಳಿದು ಪಲ್ಪ್‌ಗೆ (ಹಲ್ಲಿನೊಳಗಿನ ಮೃದು ತಿರುಳಿಗೆ) ಹೋಗುವ ನರವನ್ನು ಮುಟ್ಟುತ್ತದೆ. ದೊಡ್ಡವರ ಕೆಳದವಡೆಯ ಮೋಲಾರ್‌ಗಳ ಬಳಿ ಹೊರಪದರ ದಪ್ಪ, ಗಟ್ಟಿ. ಔಷಧ ಅಲ್ಲಿ ಇಳಿಯುವುದು ಕಷ್ಟ. ಆದ್ದರಿಂದ ನರ ಎಲುಬಿನೊಳಗೆ ನುಗ್ಗುವ ಮೊದಲೇ, ಬಾಗಿಲ ಹೊರಗೇ ಅದನ್ನು ಹಿಡಿಯಬೇಕು.

ನರ ಬರುವ ದಾರಿ

ಹನ್ನೆರಡು ಜೋಡಿ ಕಪಾಲ ನರಗಳಲ್ಲಿ ಐದನೆಯದು ಟ್ರೈಜೆಮಿನಲ್. ಗಾತ್ರದಲ್ಲಿ ಎಲ್ಲಕ್ಕಿಂತ ದೊಡ್ಡದು. ಅದರ ಗ್ಯಾಂಗ್ಲಿಯನ್ (ನರಕೋಶಗಳ ಗಂಟು) ಟೆಂಪೊರಲ್ ಎಲುಬಿನ ಪೆಟ್ರಸ್ ಭಾಗದ ತುದಿಯಲ್ಲಿರುವ ಮೆಕೆಲ್ಸ್ ಕೇವ್ ಎಂಬ ಗೂಡಿನಲ್ಲಿ ಕುಳಿತಿದೆ. ಅಲ್ಲಿಂದ ಮೂರು ಕವಲು: ಆಫ್ತಾಲ್ಮಿಕ್ ಕವಲು ಸುಪೀರಿಯರ್ ಆರ್ಬಿಟಲ್ ಫಿಷರ್ ಮೂಲಕ, ಮ್ಯಾಕ್ಸಿಲರಿ ಕವಲು ಫೊರಾಮೆನ್ (ಎಲುಬಿನ ರಂಧ್ರ) ರೊಟಂಡಮ್ ಮೂಲಕ, ಮ್ಯಾಂಡಿಬುಲರ್ ಕವಲು ಫೊರಾಮೆನ್ ಒವೇಲ್ ಮೂಲಕ ತಲೆಬುರುಡೆಯಿಂದ ಹೊರಬರುತ್ತವೆ. ಸ್ನಾಯುಗಳನ್ನು ಆಡಿಸುವ ಚಾಲಕ ಎಳೆಗಳು ಇರುವುದು ಮೂರನೆಯದರಲ್ಲಿ ಮಾತ್ರ. ಕಾರಣ ಭ್ರೂಣದಲ್ಲಿದೆ. ಮೊದಲ ಫೆರಿಂಜಿಯಲ್ ಆರ್ಚ್‌ನ ನರ ಇದೇ. ಆ ಆರ್ಚ್‌ನಿಂದ ಹುಟ್ಟಿದ ಸ್ನಾಯುಗಳೆಲ್ಲ, ಅಂದರೆ ಅಗಿಯುವ ನಾಲ್ಕು ಸ್ನಾಯುಗಳು, ಮೈಲೋಹಯಾಯ್ಡ್, ಡೈಗ್ಯಾಸ್ಟ್ರಿಕ್‌ನ ಮುಂಭಾಗ, ಟೆನ್ಸರ್ ಟಿಂಪನೈ, ಟೆನ್ಸರ್ ವೆಲಿ ಪ್ಯಾಲಟೈನೈ, ಈ ನರದ ಮಾತನ್ನೇ ಕೇಳುತ್ತವೆ. ಇದೊಂದನ್ನು ನೆನಪಿಟ್ಟರೆ ಎಂಟು ಸ್ನಾಯುಗಳ ನರ ಯಾವುದೆಂದು ಬೇರೆಬೇರೆಯಾಗಿ ಉರು ಹೊಡೆಯುವ ಕಷ್ಟ ತಪ್ಪುತ್ತದೆ.

ಫೊರಾಮೆನ್ ಒವೇಲ್ ದಾಟಿದ ಮ್ಯಾಂಡಿಬುಲರ್ ನರ ಇನ್‌ಫ್ರಾಟೆಂಪೊರಲ್ ಫಾಸಾದಲ್ಲಿ ಎರಡಾಗುತ್ತದೆ. ಮುಂದಿನ ಭಾಗ ಬಹುಪಾಲು ಚಾಲಕ, ಅದರಲ್ಲಿ ಒಂದೇ ಒಂದು ಸಂವೇದನಾ ಶಾಖೆ: ಬಕ್ಕಲ್ ನರ. ಹಿಂದಿನ ಭಾಗ ಬಹುಪಾಲು ಸಂವೇದನಾ: ಆರಿಕ್ಯುಲೊಟೆಂಪೊರಲ್, ಲಿಂಗ್ವಲ್, ಇನ್ಫೀರಿಯರ್ ಆಲ್ವಿಯೋಲಾರ್. ಅದರಲ್ಲಿಯೂ ಒಂದೇ ಒಂದು ಚಾಲಕ ಶಾಖೆ, ಮೈಲೋಹಯಾಯ್ಡ್ ನರ. ಎರಡೂ ಕಡೆ ಇರುವ ಈ ಒಂದೊಂದು ಅಪವಾದವೇ ಮುಂದೆ ನಮ್ಮನ್ನು ಕಾಡುವುದು. ಬಕ್ಕಲ್ ನರ ಮುಂದಿನ ಭಾಗದಿಂದ ಬರುವುದರಿಂದ ನಮ್ಮ ಬ್ಲಾಕ್‌ಗೆ ಸಿಗುವುದಿಲ್ಲ. ಮೋಲಾರ್‌ಗಳ ಕೆನ್ನೆಯ ಕಡೆಯ ಒಸಡು ಎಚ್ಚರವಾಗಿಯೇ ಉಳಿಯುತ್ತದೆ. ಹಲ್ಲು ಕೀಳುವಾಗ, ರಬ್ಬರ್ ಡ್ಯಾಮ್ ಕ್ಲ್ಯಾಂಪ್ ಕೂರಿಸುವಾಗ ಅದಕ್ಕೆ ಬೇರೆ ಚುಚ್ಚುಮದ್ದು ಬೇಕು.

ಲಿಂಗ್ವಲ್ ನರ ಇನ್ಫೀರಿಯರ್ ಆಲ್ವಿಯೋಲಾರ್‌ನ ಮುಂದೆ, ಸ್ವಲ್ಪ ಒಳಮಗ್ಗುಲಲ್ಲಿ ಇಳಿಯುತ್ತದೆ. ದಾರಿಯಲ್ಲಿ ಫೇಷಿಯಲ್ ನರದ ಕೋರ್ಡಾ ಟಿಂಪನೈ ಬಂದು ಅದಕ್ಕೆ ಸೇರುತ್ತದೆ. ನಾಲಿಗೆಯ ಮುಂದಿನ ಮೂರರಲ್ಲಿ ಎರಡು ಭಾಗದ ಸ್ಪರ್ಶ, ನೋವು ಲಿಂಗ್ವಲ್‌ನದೇ ಆದರೆ ಅದೇ ಜಾಗದ ರುಚಿ ಫೇಷಿಯಲ್‌ನದು. ಕೋರ್ಡಾ ಟಿಂಪನೈ ಸಬ್‌ಮ್ಯಾಂಡಿಬುಲರ್, ಸಬ್‌ಲಿಂಗ್ವಲ್ ಗ್ರಂಥಿಗಳಿಗೆ ಜೊಲ್ಲು ಸುರಿಸುವ ಆದೇಶವನ್ನೂ ಹೊತ್ತು ತರುತ್ತದೆ. ಹಾಗಾಗಿ ಲಿಂಗ್ವಲ್ ನರಕ್ಕೆ ಪೆಟ್ಟು ಬಿದ್ದರೆ ನಾಲಿಗೆಯ ಸ್ಪರ್ಶದ ಜತೆಗೆ ರುಚಿಯೂ ಕೆಡಬಹುದು.

ಜೀವಕೋಶಗಳ ವಿಷಯದಲ್ಲಿ ಪರೀಕ್ಷೆಗಳಲ್ಲಿ ಪದೇಪದೇ ಬರುವ ಅಪವಾದ ಒಂದಿದೆ. ಸಂವೇದನಾ ನ್ಯೂರಾನ್‌ಗಳ ಕೋಶಕಾಯ ಸಾಮಾನ್ಯವಾಗಿ ಮೆದುಳಿನ ಹೊರಗೆ, ಗ್ಯಾಂಗ್ಲಿಯನ್‌ನಲ್ಲಿರುತ್ತದೆ. ಅಗಿಯುವ ಸ್ನಾಯುಗಳ ಎಳೆತ ಅಳೆಯುವ ಸ್ಪಿಂಡಲ್‌ಗಳಿಂದ ಮತ್ತು ಹಲ್ಲನ್ನು ಎಲುಬಿಗೆ ಕಟ್ಟಿಹಿಡಿಯುವ ಪೆರಿಯೊಡಾಂಟಲ್ ಲಿಗಮೆಂಟ್‌ನ ಒಂದಷ್ಟು ಗ್ರಾಹಕಗಳಿಂದ ಬರುವ ಎಳೆಗಳ ಕೋಶಕಾಯ ಮಾತ್ರ ಮೆದುಳುಕಾಂಡದ ಒಳಗೆ, ಮೀಸೆನ್ಸೆಫಾಲಿಕ್ ನ್ಯೂಕ್ಲಿಯಸ್‌ನಲ್ಲಿದೆ. ಅನ್ನದಲ್ಲಿ ಕಲ್ಲು ಸಿಕ್ಕಾಗ ದವಡೆ ಕ್ಷಣದಲ್ಲಿ ತಡೆದು ನಿಲ್ಲುವುದರಲ್ಲಿ ಈ ಎಳೆಗಳು ಹೊತ್ತು ತರುವ ಅಗಿತದ ಬಲದ ಲೆಕ್ಕಾಚಾರದ ಪಾಲಿದೆ.

ಸೂಜಿ ಸೇರುವ ಸಂದು

ಬ್ಲಾಕ್‌ನ ಗುರಿ ಟೆರಿಗೊಮ್ಯಾಂಡಿಬುಲರ್ ಸ್ಪೇಸ್. ಅದನ್ನು ಒಂದು ಪುಟ್ಟ ಕೋಣೆಯೆಂದು ಎಣಿಸಿ. ಹೊರಗೋಡೆ ರೇಮಸ್‌ನ, ಅಂದರೆ ಕೆಳದವಡೆಯ ಹಿಂತುದಿಯಲ್ಲಿ ಮೇಲಕ್ಕೇರುವ ಎಲುಬಿನ ಹಲಗೆಯ, ಒಳಮೈ. ಒಳಗೋಡೆ ಮೀಡಿಯಲ್ ಟೆರಿಗಾಯ್ಡ್ ಸ್ನಾಯು. ಛಾವಣಿ ಲ್ಯಾಟರಲ್ ಟೆರಿಗಾಯ್ಡ್. ಹಿಂಗೋಡೆ ಪೆರೋಟಿಡ್ ಗ್ರಂಥಿ. ಮುಂಬಾಗಿಲಲ್ಲಿ ಟೆರಿಗೊಮ್ಯಾಂಡಿಬುಲರ್ ರಾಫೆ, ಬಕ್ಸಿನೇಟರ್ ಮತ್ತು ಸುಪೀರಿಯರ್ ಕನ್‌ಸ್ಟ್ರಿಕ್ಟರ್ ಎರಡೂ ಬಂದು ಅಂಟಿಕೊಳ್ಳುವ ದಾರದಂಥ ಪಟ್ಟಿ. ಒಳಗೆ ಸಡಿಲ ಕೊಬ್ಬು, ಅದರ ನಡುವೆ ಇನ್ಫೀರಿಯರ್ ಆಲ್ವಿಯೋಲಾರ್ ನರ, ಅದೇ ಹೆಸರಿನ ಅಪಧಮನಿ ಮತ್ತು ಅಭಿಧಮನಿ, ಲಿಂಗ್ವಲ್ ನರ, ಮೈಲೋಹಯಾಯ್ಡ್ ನರ, ಮತ್ತು ಸ್ಫೀನೊಮ್ಯಾಂಡಿಬುಲರ್ ಲಿಗಮೆಂಟ್.

ಈ ಐದು ಗೋಡೆಗಳ ಹೆಸರನ್ನು ಉರು ಹೊಡೆಯುವುದರಲ್ಲಿ ಅರ್ಥವಿಲ್ಲ. ಸೂಜಿ ಆ ಗೋಡೆಯನ್ನು ತಾಕಿದರೆ ಏನಾಗುತ್ತದೆ ಎಂದು ಕೇಳಿಕೊಂಡರೆ ಅವು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ. ಒಳಗೋಡೆಗೆ ಚುಚ್ಚಿದರೆ ಸ್ನಾಯುವಿನೊಳಗೆ ರಕ್ತ ಜಿನುಗಿ, ಮರುದಿನ ಬಾಯಿ ತೆರೆಯಲಾಗದ ಟ್ರಿಸ್ಮಸ್. ಹಿಂಗೋಡೆಯೊಳಗೆ ಔಷಧ ಬಿಟ್ಟರೆ ಪೆರೋಟಿಡ್ ಒಳಗೆ ಹರಡಿಕೊಂಡ ಫೇಷಿಯಲ್ ನರ ಮರಗಟ್ಟಿ ಮುಖದ ಆ ಭಾಗ ಸೊಟ್ಟಗಾಗುತ್ತದೆ. ಹೊರಗೋಡೆ ಮಾತ್ರ ನಮ್ಮ ಸ್ನೇಹಿತ. ಎಲುಬು ತಾಕುವುದೆಂದರೆ ತುದಿ ಎಲ್ಲಿದೆ ಎಂಬುದಕ್ಕೆ ಸಿಗುವ ಒಂದೇ ಖಚಿತ ಸುಳಿವು.

ರೇಮಸ್‌ನ ಒಳಮೈಯಲ್ಲಿ, ಸರಿಸುಮಾರು ನಡುಮಧ್ಯದಲ್ಲಿ, ಮ್ಯಾಂಡಿಬುಲರ್ ಫೊರಾಮೆನ್ ಇದೆ. ಅದರ ಮುಂದೆ ಲಿಂಗುಲಾ ಎಂಬ ಎಲುಬಿನ ನಾಲಿಗೆ ಗುರಾಣಿಯಂತೆ ಅಡ್ಡ ನಿಂತಿದೆ. ಸ್ಫೀನೊಮ್ಯಾಂಡಿಬುಲರ್ ಲಿಗಮೆಂಟ್ ಬಂದು ಕಟ್ಟಿಕೊಳ್ಳುವುದು ಅದಕ್ಕೇ. ಸೂಜಿ ಲಿಂಗುಲಾಕ್ಕಿಂತ ಕೆಳಗೆ ಹೋದರೆ ಔಷಧ ಲಿಗಮೆಂಟ್‌ನ ತಪ್ಪು ಮಗ್ಗುಲಲ್ಲಿ, ನರ ಆಗಲೇ ಎಲುಬಿನೊಳಗೆ ಹೊಕ್ಕಾಗಿರುವ ಮಟ್ಟದಲ್ಲಿ ಬೀಳುತ್ತದೆ. ಬ್ಲಾಕ್ ಕೈಕೊಡುವುದಕ್ಕೆ ಅತಿ ಸಾಮಾನ್ಯ ಕಾರಣವೂ ಇದೇ: ತೀರಾ ಕೆಳಗೆ ಚುಚ್ಚುವುದು. ಫೊರಾಮೆನ್‌ಗಿಂತ ಮೇಲೆ ಬಿಟ್ಟರೆ ಔಷಧ ಕೆಳಗಿಳಿದಾದರೂ ನರ ಸೇರೀತು, ಕೆಳಗೆ ಬಿಟ್ಟದ್ದು ಮೇಲೇರುವ ಆಸೆ ಇಟ್ಟುಕೊಳ್ಳುವಂತಿಲ್ಲ.

ಈಗ ಅಳತೆಗಳು. ಹೆಬ್ಬೆರಳನ್ನು ರೇಮಸ್‌ನ ಮುಂದಂಚಿನ ಮೇಲೆ ಆಡಿಸಿದರೆ ಅತಿ ಆಳವಾಗಿ ತಗ್ಗಿದ ಜಾಗ ಸಿಗುತ್ತದೆ, ಅದು ಕೊರೊನಾಯ್ಡ್ ನಾಚ್. ಬಾಯಿ ಪೂರ್ತಿ ತೆರೆಸಿದಾಗ ರಾಫೆ ಎದ್ದು ಕಾಣುತ್ತದೆ. ನಾಚ್‌ನಿಂದ ರಾಫೆಯವರೆಗೆ, ಕೆಳಹಲ್ಲುಗಳ ಮೇಲ್ಮೈಗೆ ಸಮಾನಾಂತರವಾಗಿ, ಅದರಿಂದ 6ರಿಂದ 10 ಮಿಲಿಮೀಟರ್ ಎತ್ತರದಲ್ಲಿ ಒಂದು ಗೆರೆ ಎಳೆದಂತೆ ಭಾವಿಸಿ. ಆ ಗೆರೆಯ ಮುಕ್ಕಾಲು ಭಾಗ ಹಿಂದಕ್ಕೆ ಸಾಗಿದಲ್ಲಿ ಚುಚ್ಚಬೇಕಾದ ಬಿಂದು. ಸಿರಿಂಜ್‌ನ ಕೊಳವೆ ಎದುರು ಮಗ್ಗುಲಿನ ಪ್ರಿಮೋಲಾರ್‌ಗಳ ಮೇಲೆ. ಲೋಳೆಪೊರೆ, ತೆಳುವಾದ ಬಕ್ಸಿನೇಟರ್, ಆಮೇಲೆ ಸಡಿಲ ಕೊಬ್ಬು. 20ರಿಂದ 25 ಮಿಲಿಮೀಟರ್ ಆಳದಲ್ಲಿ ಎಲುಬು ತಾಕಬೇಕು. ಉದ್ದ ಸೂಜಿಯೇ ಬೇಕೆನ್ನುವುದು ಇದಕ್ಕಾಗಿ. ಅದರ ಉದ್ದ ಸುಮಾರು 32 ಮಿಲಿಮೀಟರ್; ಚಿಕ್ಕ ಸೂಜಿ ಸುಮಾರು 20. ಚಿಕ್ಕದನ್ನು ಬಳಸಿದರೆ ಹಬ್‌ವರೆಗೂ (ಸೂಜಿ ಸಿರಿಂಜ್‌ಗೆ ಕೂರುವ ಬುಡದವರೆಗೂ) ಒಳಗೆ ಹೋಗುತ್ತದೆ, ಸೂಜಿ ಮುರಿದರೆ ಮುರಿಯುವುದು ಹಬ್‌ನ ಬುಡದಲ್ಲೇ, ಹಿಡಿದು ಎಳೆಯಲು ತುದಿಯೇ ಉಳಿಯುವುದಿಲ್ಲ.

ಎಲುಬು ತಾಕಿದ ಮೇಲೆ ಒಂದು ಮಿಲಿಮೀಟರ್ ಹಿಂದಕ್ಕೆಳೆದು, ಎಲುಬಿನ ಪೊರೆಯ ಮೇಲಿನ ಒತ್ತಡ ಬಿಡಿಸಿ, ಆಸ್ಪಿರೇಟ್ ಮಾಡಬೇಕು, ಅಂದರೆ ಸಿರಿಂಜ್‌ನ ದಂಡ ಹಿಂದೆಳೆದು ರಕ್ತ ಬರುತ್ತದೆಯೇ ನೋಡಬೇಕು. ಸೂಜಿಯ ಬಾಯಿ ರಕ್ತನಾಳದ ಗೋಡೆಗೆ ಒತ್ತಿಕೊಂಡಿದ್ದರೆ ಮೊದಲ ಸಲ ರಕ್ತ ಬಾರದೆ ಇರಬಹುದು. ಸಿರಿಂಜನ್ನು ಸ್ವಲ್ಪ ತಿರುಗಿಸಿ ಇನ್ನೊಮ್ಮೆ ಎಳೆದು ನೋಡುವುದು ಅದಕ್ಕಾಗಿ. ಈ ಬ್ಲಾಕ್‌ನಲ್ಲಿ ನೂರಕ್ಕೆ 10ರಿಂದ 15 ಸಲ ರಕ್ತ ಬರುತ್ತದೆ. ನರಕ್ಕೆ ಅಂಟಿಕೊಂಡೇ ಅಪಧಮನಿ, ಅಭಿಧಮನಿ ಇರುವಾಗ ಅಷ್ಟು ಸಲವಾದರೂ ಬಾರದಿದ್ದರೇ ಆಶ್ಚರ್ಯ. ಬಳಿಕ 1.5 ಮಿಲಿಲೀಟರ್ ಔಷಧವನ್ನು ಒಂದು ನಿಮಿಷದಷ್ಟು ನಿಧಾನವಾಗಿ ಬಿಡುವುದು. ಸೂಜಿ ಅರ್ಧದಷ್ಟು ಹೊರಬಂದಾಗ ಮತ್ತೆ ಆಸ್ಪಿರೇಟ್ ಮಾಡಿ ಒಂದೆರಡು ಹನಿ ಬಿಟ್ಟರೆ ಲಿಂಗ್ವಲ್ ನರವೂ ಸಿಗುತ್ತದೆ.

ಅರ್ಧ ಸೂಜಿಯೂ ಒಳಹೋಗದೆ ಎಲುಬು ಸಿಕ್ಕರೆ ತುದಿ ತೀರಾ ಮುಂದಿದೆ ಎಂದರ್ಥ. ಪೂರ್ತಿ ತೆಗೆಯದೆ ತುಸು ಹಿಂದೆಳೆದು, ಕೊಳವೆಯನ್ನು ಬಾಯಿಯ ಮುಂಭಾಗಕ್ಕೆ, ಎದುರಿನ ಕೋರೆಹಲ್ಲಿನ ಕಡೆಗೆ ತಂದರೆ ತುದಿ ಹಿಂದಕ್ಕೆ ಹೋಗುತ್ತದೆ. ಪೂರ್ತಿ ಆಳ ಹೋದರೂ ಎಲುಬೇ ಸಿಗದಿದ್ದರೆ ತುದಿ ತೀರಾ ಹಿಂದೆ, ಪೆರೋಟಿಡ್‌ನ ದಿಕ್ಕಿನಲ್ಲಿದೆ. ಸೂಜಿಯ ಕಾಲುಭಾಗ ಮಾತ್ರ ಒಳಗುಳಿಯುವಷ್ಟು ಹಿಂದೆಳೆದು, ಕೊಳವೆಯನ್ನು ಎದುರಿನ ಮೋಲಾರ್‌ಗಳ ಮೇಲಕ್ಕೆ ಒಯ್ದು ಮತ್ತೆ ಎಲುಬು ಹುಡುಕಬೇಕು. ಎಲುಬು ತಾಕದೆ ಔಷಧ ಬಿಡಬಾರದು. ಈ ನಿಯಮಕ್ಕೆ ವಿನಾಯಿತಿ ಕೊಡಬೇಡಿ.

ಹಾಗೆ ಬಿಟ್ಟಾಗ ಏನಾಗುತ್ತದೆ ಎಂದು ಹತ್ತಿರದಿಂದ ನೋಡಿ. ಕೆಲವೇ ನಿಮಿಷಗಳಲ್ಲಿ ಆ ಕಡೆಯ ಬಾಯಿಯ ಮೂಲೆ ಜೋಲುತ್ತದೆ, ಕಣ್ಣು ಮುಚ್ಚಲಾಗುವುದಿಲ್ಲ. ಕಾರ್ನಿಯಾಕ್ಕೆ ಹತ್ತಿ ತಾಕಿಸಿದರೆ ರೋಗಿಗೆ ಗೊತ್ತಾಗುತ್ತದೆ, ಏಕೆಂದರೆ ಆ ಸಂವೇದನೆ ಟ್ರೈಜೆಮಿನಲ್‌ನ ಆಫ್ತಾಲ್ಮಿಕ್ ಕವಲಿನದು, ಅದು ಎಚ್ಚರವಾಗಿದೆ. ಆದರೆ ಮುಚ್ಚಬೇಕಾದ ರೆಪ್ಪೆಯ ಸ್ನಾಯು ಫೇಷಿಯಲ್ ನರದ್ದು, ಅದು ಮಲಗಿದೆ. ಎದುರು ಕಣ್ಣು ಮಾತ್ರ ಮಿಟುಕುತ್ತದೆ. ಕಾರ್ನಿಯಲ್ ರಿಫ್ಲೆಕ್ಸ್‌ನ ಬರುವ ದಾರಿ ಐದನೆಯ ನರ, ಹೋಗುವ ದಾರಿ ಏಳನೆಯದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಚಿತ್ರ ಇಲ್ಲ. ಔಷಧದ ಪ್ರಭಾವ ಇಳಿದಂತೆ ಒಂದೆರಡು ಗಂಟೆಗಳಲ್ಲಿ ಎಲ್ಲ ಮರಳುತ್ತದೆ. ಅಲ್ಲಿಯವರೆಗೆ ಕಾಂಟ್ಯಾಕ್ಟ್ ಲೆನ್ಸ್ ತೆಗೆಸಿ, ಕಣ್ಣನ್ನು ಬೆರಳಿನಿಂದ ಆಗಾಗ ಮುಚ್ಚಿಸಿ ಒಣಗದಂತೆ ಕಾಯಬೇಕು. ಏನಾಗಿದೆ ಎಂದು ರೋಗಿಗೆ ಬಿಡಿಸಿ ಹೇಳಬೇಕು.

ಮಕ್ಕಳಲ್ಲಿ ಎತ್ತರದ ಲೆಕ್ಕ ಬೇರೆ. ರೇಮಸ್ ಇನ್ನೂ ಬೆಳೆಯುತ್ತಿರುವುದರಿಂದ ಎಳೆಯರಲ್ಲಿ ಫೊರಾಮೆನ್ ಹಲ್ಲುಗಳ ಮೇಲ್ಮೈಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗಿರುತ್ತದೆ. ದೊಡ್ಡವರ ಎತ್ತರದಲ್ಲಿ ಚುಚ್ಚಿದರೆ ಔಷಧ ಗುರಿಗಿಂತ ಮೇಲೆ ಬೀಳುತ್ತದೆ.

ಪೊರೆಯ ಮೇಲೆ ನಡೆಯುವ ಕೆಲಸ

ಸೂಜಿ ಸರಿಯಾದ ಜಾಗದಲ್ಲಿದೆ ಎಂದುಕೊಳ್ಳಿ. ಈಗ ಎರಡನೆಯ ಪ್ರಶ್ನೆ.

ವಿಶ್ರಾಂತಿಯಲ್ಲಿರುವ ನರದ ಎಳೆಯ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ವಿದ್ಯುತ್ ಮಟ್ಟ. ಹೊರಗೆ ಸೋಡಿಯಂ ಲೀಟರಿಗೆ ಸುಮಾರು 142 ಮಿಲಿಈಕ್ವಿವಲೆಂಟ್, ಒಳಗೆ ಸುಮಾರು 14. ಪೊಟ್ಯಾಸಿಯಂ ಉಲ್ಟಾ: ಹೊರಗೆ 4, ಒಳಗೆ 140. ಪ್ರಚೋದನೆ ಬಂದು ಮಟ್ಟ ಸುಮಾರು ಋಣ 55 ಮಿಲಿವೋಲ್ಟ್‌ಗೆ ಏರಿದರೆ ಸೋಡಿಯಂ ಚಾನೆಲ್‌ಗಳು ಒಟ್ಟಿಗೆ ತೆರೆದುಕೊಂಡು, ಸೋಡಿಯಂ ಒಳನುಗ್ಗಿ ಸಂಕೇತ ಹೊರಡುತ್ತದೆ. ನಾವು ಚುಚ್ಚುವ ಮರಗಟ್ಟಿಸುವ ಔಷಧ ಲಿಗ್ನೊಕೇನ್ ಮಾಡುವ ಕೆಲಸ ಆ ಚಾನೆಲ್‌ಗೆ ಬೆಣೆ ಹೊಡೆಯುವುದು. ಬೆಣೆ ಕೂರುವ ಜಾಗ ಮಾತ್ರ ಚಾನೆಲ್‌ನ ಒಳಮಗ್ಗುಲಲ್ಲಿದೆ, ಔಷಧ ಬಿದ್ದಿರುವುದು ಹೊರಗೆ.

ಒಳಗೆ ಹೋಗಲು ಅದಕ್ಕೆ ಎರಡು ವೇಷ ಬೇಕು. ಚಾರ್ಜ್ ಇಲ್ಲದ ಬೇಸ್ ರೂಪ ಕೊಬ್ಬಿನ ಪೊರೆಯನ್ನು ದಾಟಬಲ್ಲದು. ಒಳಗೆ ಹೋದ ಮೇಲೆ ಅದು ಹೈಡ್ರೋಜನ್ ಅಯಾನ್ ಹಿಡಿದುಕೊಂಡು ಚಾರ್ಜ್ ಇರುವ ರೂಪಕ್ಕೆ ಬಂದು ಚಾನೆಲ್‌ಗೆ ಅಂಟಿಕೊಳ್ಳುತ್ತದೆ. ಎರಡೂ ರೂಪಗಳು ಎಷ್ಟೆಷ್ಟು ಎಂಬುದನ್ನು ಔಷಧದ ಪಿಕೆಎ (ಎರಡೂ ರೂಪಗಳು ಸಮಸಮವಾಗುವ ಪಿಎಚ್) ಮತ್ತು ಸುತ್ತಲಿನ ಪಿಎಚ್ ಸೇರಿ ತೀರ್ಮಾನಿಸುತ್ತವೆ. ಲಿಗ್ನೊಕೇನ್‌ನ ಪಿಕೆಎ 7.8 ಎಂದು ಹಿಡಿದರೆ, ಪಿಎಚ್ 7.4ರ ಆರೋಗ್ಯವಂತ ಅಂಗಾಂಶದಲ್ಲಿ ಸುಮಾರು ಶೇಕಡ 28 ಬೇಸ್ ರೂಪದಲ್ಲಿರುತ್ತದೆ. ಕೀವು, ಉರಿಯೂತದಿಂದ ಪಿಎಚ್ 6.4ಕ್ಕೆ ಇಳಿದರೆ ಆ ಪಾಲು ಶೇಕಡ 4ರೊಳಗೆ ಕುಸಿಯುತ್ತದೆ. ಒಂದೇ ಒಂದು ಅಂಕ ಇಳಿದದ್ದಕ್ಕೆ ಬಾಗಿಲು ದಾಟಬಲ್ಲವರ ಸಂಖ್ಯೆ ಏಳನೆಯ ಒಂದು ಭಾಗವಾಯಿತು. ಔಷಧದ ಜತೆ ಬೆರೆಸಿರುವ ಅಡ್ರಿನಲಿನ್ ಕೆಡದಿರಲೆಂದು ಕಾರ್ಟ್ರಿಜ್‌ನ ದ್ರಾವಣವನ್ನು ಆಮ್ಲೀಯವಾಗಿಯೇ, ಪಿಎಚ್ 3.5ರ ಆಸುಪಾಸಿನಲ್ಲಿ ಇಟ್ಟಿರುತ್ತಾರೆ. ಚುಚ್ಚುವಾಗ ಉರಿಯುವುದಕ್ಕೆ ಕಾರಣ ಅದು. ಅಂಗಾಂಶ ಅದನ್ನು ಸರಿದೂಗಿಸುವ ತನಕ ಔಷಧಕ್ಕೆ ಕೆಲಸವಿಲ್ಲ. ಹಲ್ಲಿನ ಕೆಲಸಕ್ಕೆ 10ರಿಂದ 15 ನಿಮಿಷ ಕಾಯಿರಿ ಎನ್ನುವುದರಲ್ಲಿ ಇದರ ಪಾಲೂ ಇದೆ.

ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಹೊದ್ದ ಎಳೆಯಲ್ಲಿ ಸಂಕೇತ ನೋಡ್‌ನಿಂದ ನೋಡ್‌ಗೆ, ಅಂದರೆ ಹೊದಿಕೆ ಇಲ್ಲದ ಒಂದು ಸಂದಿನಿಂದ ಇನ್ನೊಂದಕ್ಕೆ, ಜಿಗಿಯುತ್ತದೆ. ಒಂದೆರಡು ನೋಡ್ ಮುಚ್ಚಿದರೆ ಅದನ್ನು ದಾಟಿಯೂ ಜಿಗಿಯಬಲ್ಲದು. ಕನಿಷ್ಠ ಮೂರು ನೋಡ್, ಅಂದರೆ ನರದ ಸುಮಾರು 8ರಿಂದ 10 ಮಿಲಿಮೀಟರ್ ಉದ್ದ, ಔಷಧದಲ್ಲಿ ನೆನೆಯಬೇಕು. ನರದ ಪಕ್ಕ ನಾಲ್ಕು ಹನಿ ಸಾಲದು ಎನ್ನುವುದು ಇದಕ್ಕೇ.

ತುಟಿ ಹೇಳುವ ಅರ್ಧ ಸತ್ಯಕ್ಕೂ ಇಲ್ಲೇ ಉತ್ತರ ಸಿಗುತ್ತದೆ. ನರವೆಂದರೆ ಒಂದೇ ತಂತಿಯಲ್ಲ, ಸಾವಿರಾರು ಎಳೆಗಳ ಕಟ್ಟು. ತುಟಿಯ ಎಳೆಗಳು ಬೇರೆ, ಮೋಲಾರ್‌ನ ಪಲ್ಪ್‌ನ ಎಳೆಗಳು ಬೇರೆ. ತುಟಿ ಮರಗಟ್ಟಿದ್ದು ಔಷಧ ಸರಿಯಾದ ಕಟ್ಟಿಗೆ ಬಿದ್ದಿದೆ ಎಂದು ಹೇಳುತ್ತದೆಯೇ ಹೊರತು, ಆ ಕಟ್ಟಿನ ಎಲ್ಲ ಎಳೆಗಳೂ ಬಾಯಿ ಮುಚ್ಚಿವೆ ಎಂದಲ್ಲ. ತುಟಿ ಮರಗಟ್ಟದಿದ್ದರೆ ಬ್ಲಾಕ್ ತಪ್ಪಿದೆ, ಮತ್ತೆ ಕೊಡಬೇಕು. ಮರಗಟ್ಟಿದ್ದರೆ ಹಲ್ಲನ್ನೇ ಕೇಳಬೇಕು: ಹತ್ತಿ ಉಂಡೆಗೆ ಶೀತಕ ಸ್ಪ್ರೇ ಹೊಡೆದು ಹಲ್ಲಿಗೆ ಹಚ್ಚಿ ನೋಡುವುದು, ಇಲ್ಲವೇ ಎಲೆಕ್ಟ್ರಿಕ್ ಪಲ್ಪ್ ಟೆಸ್ಟರ್. ಬರ್ ಹಿಡಿದು ಪರೀಕ್ಷೆ ಮಾಡುವುದು ರೋಗಿಗೆ ಅನ್ಯಾಯ.

ಪಲ್ಪ್‌ನಲ್ಲಿ ನೋವಿನ ಎಳೆಗಳು ಎರಡು ಜಾತಿ. ಎ-ಡೆಲ್ಟಾ ತೆಳು ಮಯಲಿನ್ ಹೊದ್ದವು, ಸೆಕೆಂಡಿಗೆ 5ರಿಂದ 30 ಮೀಟರ್ ವೇಗ. ತಣ್ಣೀರು ಕುಡಿದಾಗ ಚುಳ್ಳೆಂದು ಹೊಡೆದು ತಟ್ಟನೆ ಹೋಗುವ ನೋವು ಇವುಗಳದು. ಡೆಂಟಿನ್ ಕೊಳವೆಗಳೊಳಗಿನ ದ್ರವ ಜರುಗಿದಾಗ ಇವು ಎಚ್ಚರಗೊಳ್ಳುತ್ತವೆ. ಸಿ ಎಳೆಗಳಿಗೆ ಮಯಲಿನ್ ಇಲ್ಲ, ವೇಗ 2 ಮೀಟರಿನೊಳಗೆ. ಬಿಸಿಗೆ ಕೆರಳಿ, ಪ್ರಚೋದನೆ ತೆಗೆದ ಮೇಲೂ ಮಿಡಿಯುತ್ತ ಉಳಿಯುವ ಮಂದ ನೋವು ಇವುಗಳದು. ನೋವು ತಣ್ಣನೆಯದಕ್ಕೆ ಚುಳ್ಳೆನ್ನುವುದರಿಂದ ರಾತ್ರಿಯೆಲ್ಲ ಮಿಡಿಯುವುದಕ್ಕೆ ಬದಲಾಗಿದ್ದರೆ, ಪಲ್ಪ್ ಹಿಂತಿರುಗಲಾರದ ಉರಿಯೂತದ ಕಡೆಗೆ ಜಾರಿದೆ ಎಂದು ಅನುಮಾನಿಸಬೇಕು.

ಅಂಥ ಉರಿಯುವ ಹಲ್ಲಿಗೆ ಬ್ಲಾಕ್ ಹಿಡಿಯದಿರುವುದೇ ಹೆಚ್ಚು. ಆಮ್ಲೀಯತೆಯಿಂದ ಎಂದು ಬರೆದು ಅಲ್ಲಿಗೇ ನಿಲ್ಲಿಸುವ ಉತ್ತರ ನನ್ನ ಮಟ್ಟಿಗೆ ಅರ್ಧ ಅಂಕದ್ದು. ಉರಿಯೂತ ಇರುವುದು ಮೋಲಾರ್‌ನಲ್ಲಿ, ಔಷಧ ಬಿದ್ದಿರುವುದು ರೇಮಸ್‌ನ ಒಳಮೈಯಲ್ಲಿ, ಸೆಂಟಿಮೀಟರುಗಟ್ಟಲೆ ದೂರ. ಅಲ್ಲಿನ ಪಿಎಚ್ ಕೆಟ್ಟಿರುವುದಿಲ್ಲ. ಬದಲಾಗಿರುವುದು ನರವೇ. ಉರಿಯೂತದಲ್ಲಿ ಹುಟ್ಟುವ ಪ್ರೊಸ್ಟಾಗ್ಲಾಂಡಿನ್ ಇ2 ನೋವಿನ ಎಳೆಗಳ ಹೊಸ್ತಿಲನ್ನು ತಗ್ಗಿಸುತ್ತದೆ, ಮೊದಲು ಲೆಕ್ಕಕ್ಕೇ ಬಾರದ ಪ್ರಚೋದನೆಗೂ ಅವು ಕೂಗುತ್ತವೆ. ಟೆಟ್ರೊಡೊಟಾಕ್ಸಿನ್ ಎಂಬ ವಿಷಕ್ಕೆ ಬಗ್ಗದ ಸೋಡಿಯಂ ಚಾನೆಲ್‌ಗಳು, ಎನ್‌ಎವಿ 1.8 ಮತ್ತು 1.9, ಈ ಎಳೆಗಳಲ್ಲಿ ಹೆಚ್ಚು ಸಕ್ರಿಯವಾಗುತ್ತವೆ. ಅವು ಲಿಗ್ನೊಕೇನ್‌ಗೂ ಉಳಿದವುಗಳಷ್ಟು ಸುಲಭವಾಗಿ ಮಣಿಯುವುದಿಲ್ಲ. ಆಮ್ಲೀಯತೆಯ ವಿವರಣೆ ಸಲ್ಲುವುದು ಕೀವಿನ ಜಾಗಕ್ಕೇ ನೇರವಾಗಿ ಇನ್‌ಫಿಲ್ಟ್ರೇಷನ್, ಅಂದರೆ ಹಲ್ಲಿನ ಪಕ್ಕದಲ್ಲೇ ಔಷಧ ಬಿಡುವ ಚುಚ್ಚುಮದ್ದು, ಕೊಟ್ಟಾಗ.

ಚಿಕಿತ್ಸೆಯೂ ಇದರಿಂದಲೇ ಹೊರಡುತ್ತದೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಅಲರ್ಜಿಯಂಥ ಅಡ್ಡಿ ಇಲ್ಲದವರಿಗೆ ಒಂದು ಗಂಟೆ ಮೊದಲು ಐಬುಪ್ರೊಫೇನ್ ಕೊಟ್ಟರೆ ಪ್ರೊಸ್ಟಾಗ್ಲಾಂಡಿನ್ ತಯಾರಿ ತಗ್ಗಿ ಬ್ಲಾಕ್ ಹಿಡಿಯುವ ಸಾಧ್ಯತೆ ಹೆಚ್ಚುತ್ತದೆ. ಸಾಲದಿದ್ದರೆ ಕೆನ್ನೆಯ ಕಡೆಯಿಂದ ಶೇಕಡ 4ರ ಆರ್ಟಿಕೇನ್ (ಇನ್ನೊಂದು ಮರಗಟ್ಟಿಸುವ ಔಷಧ) ಇನ್‌ಫಿಲ್ಟ್ರೇಷನ್, ಬೇರೊಂದಕ್ಕೆ 0.2 ಮಿಲಿಲೀಟರ್‌ನಂತೆ ಪೆರಿಯೊಡಾಂಟಲ್ ಲಿಗಮೆಂಟ್ ಚುಚ್ಚುಮದ್ದು, ಎಲುಬಿನೊಳಗಿನ ಇಂಟ್ರಾಆಸಿಯಸ್ ವಿಧಾನ. ಪಲ್ಪ್ ತೆರೆದ ಮೇಲೆ ಕೊನೆಯ ಆಯುಧ ಪಲ್ಪ್‌ನೊಳಗೇ ಒತ್ತಡದಲ್ಲಿ ಬಿಡುವುದು. ಅಲ್ಲಿ ಕೆಲಸ ಮಾಡುವುದು ಬಹುಪಾಲು ಒತ್ತಡವೇ, ಆದ್ದರಿಂದ ಸೂಜಿ ರಂಧ್ರದಲ್ಲಿ ಬಿಗಿಯಾಗಿ ಕೂರಬೇಕು. ಆ ಕ್ಷಣದ ನೋವಿನ ಬಗ್ಗೆ ರೋಗಿಗೆ ಮೊದಲೇ ಹೇಳಿರಬೇಕು.

ಉರಿಯೂತವಿಲ್ಲದ ಹಲ್ಲೂ ನೋಯುತ್ತಿದ್ದರೆ ಮತ್ತೆ ಅನಾಟಮಿಗೆ ಮರಳಬೇಕು. ಹಿಂದೆ ಹೇಳಿದ ಇನ್ನೊಂದು ಅಪವಾದ, ಮೈಲೋಹಯಾಯ್ಡ್ ನರ, ಫೊರಾಮೆನ್‌ಗಿಂತ ಮೇಲೆಯೇ ಕವಲೊಡೆಯುತ್ತದೆ. ಕೆಲವರಲ್ಲಿ ಅದು ನಾಲಿಗೆಯ ಕಡೆಯಿಂದ ಎಲುಬು ಹೊಕ್ಕು ಮೊದಲ ಮೋಲಾರ್‌ನ ಮುಂದಿನ ಬೇರಿಗೆ ಸಂವೇದನೆಯ ಎಳೆ ಕೊಡುತ್ತದೆ. ಆ ಹಲ್ಲಿನ ನಾಲಿಗೆಯ ಕಡೆ, ಬೇರಿನ ತುದಿಯ ಮಟ್ಟದಲ್ಲಿ ಸ್ವಲ್ಪ ಔಷಧ ಬಿಟ್ಟರೆ ಸಾಕು. ಕೆಲವರಿಗೆ ಮ್ಯಾಂಡಿಬುಲರ್ ಕಾಲುವೆಯೇ ಎರಡಾಗಿರುತ್ತದೆ, ಎಕ್ಸ್‌ರೇಯಲ್ಲಿ ಹುಡುಕಬೇಕು. ಬಾಚಿಹಲ್ಲುಗಳಿಗೆ ಎದುರು ಮಗ್ಗುಲಿನ ನರದ ಎಳೆಗಳು ನಡುಗೆರೆ ದಾಟಿ ಬರುತ್ತವೆ. ಇಂಥ ಹೆಚ್ಚುವರಿ ಶಾಖೆಗಳನ್ನು ಒಂದೇ ಚುಚ್ಚಿಗೆ ಹಿಡಿಯಬೇಕೆಂದರೆ ಇನ್ನೂ ಮೇಲೆ, ಕಾಂಡೈಲ್‌ನ (ದವಡೆಯ ಕೀಲಿನಲ್ಲಿ ಕೂರುವ ಎಲುಬಿನ ತಲೆಯ) ಕುತ್ತಿಗೆಯ ಬಳಿ ಔಷಧ ಬಿಡುವ ಗೌ-ಗೇಟ್ಸ್ ವಿಧಾನ ಇದೆ, 1973ರಲ್ಲಿ ಪ್ರಕಟವಾದದ್ದು. ಬಾಯಿಯೇ ತೆರೆಯಲಾಗದವರಿಗೆ ಮುಚ್ಚಿದ ಬಾಯಲ್ಲೇ ಕೊಡುವ ಅಕಿನೋಸಿ ವಿಧಾನ 1977ರದು. ನಡುಗೆರೆ ದಾಟಿ ಬರುವ ಎಳೆಗಳಿಗೆ ಇವೆರಡೂ ಪರಿಹಾರವಲ್ಲ, ಅಲ್ಲಿ ಬಾಚಿಹಲ್ಲುಗಳ ಮುಂದೆಯೇ ಇನ್‌ಫಿಲ್ಟ್ರೇಷನ್ ಬೇಕು.

ರಕ್ತ, ಹೃದಯ, ಲೆಕ್ಕ

ಲಿಗ್ನೊಕೇನ್ ತಾನಾಗಿ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಹೀಗಾಗಿ ರಕ್ತ ಅದನ್ನು ಬೇಗ ಕೊಚ್ಚಿಕೊಂಡು ಹೋಗುತ್ತದೆ. ಅಡ್ರಿನಲಿನ್ ಆಲ್ಫಾ-1 ಗ್ರಾಹಕಗಳ ಮೂಲಕ ಆ ನಾಳಗಳನ್ನು ಕುಗ್ಗಿಸಿ ಔಷಧವನ್ನು ಅಲ್ಲೇ ಕೂಡಿಹಾಕುತ್ತದೆ. ರಕ್ತಕ್ಕೆ ಸೇರಿದ ಪಾಲು ಬೀಟಾ-1 ಮೂಲಕ ಹೃದಯದ ವೇಗ, ಬಲ ಹೆಚ್ಚಿಸುತ್ತದೆ. ಬೀಟಾ-2 ಮೂಲಕ ಮೈಯ ಸ್ನಾಯುಗಳ ನಾಳ ಹಿಗ್ಗಿಸುತ್ತದೆ. ಪ್ರೊಪ್ರನೊಲಾಲ್‌ನಂಥ ಎಲ್ಲ ಬೀಟಾಗಳನ್ನೂ ತಡೆಯುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹಿಗ್ಗಿಸುವ ಕೈ ಕಟ್ಟಿಹೋಗಿ ಕುಗ್ಗಿಸುವ ಆಲ್ಫಾ ಒಂದೇ ಉಳಿಯುತ್ತದೆ. ರಕ್ತದೊತ್ತಡ ಏರುತ್ತದೆ, ಅದಕ್ಕೆ ಪ್ರತಿಯಾಗಿ ನಾಡಿ ನಿಧಾನವಾಗುತ್ತದೆ. ಮಾತ್ರೆಗಳ ಪಟ್ಟಿ ಕೇಳುವುದು ಕಾಗದ ತುಂಬಿಸುವ ಕೆಲಸವಲ್ಲ.

ಲೆಕ್ಕ ಬಾಯಲ್ಲೇ ಬರಬೇಕು. ಶೇಕಡ 2 ಎಂದರೆ ಮಿಲಿಲೀಟರಿಗೆ 20 ಮಿಲಿಗ್ರಾಂ, 1.8 ಮಿಲಿಲೀಟರ್‌ನ ಕಾರ್ಟ್ರಿಜ್‌ನಲ್ಲಿ 36 ಮಿಲಿಗ್ರಾಂ ಲಿಗ್ನೊಕೇನ್. ಅಡ್ರಿನಲಿನ್ 1:1,00,000 ಎಂದರೆ ಮಿಲಿಲೀಟರಿಗೆ 10 ಮೈಕ್ರೊಗ್ರಾಂ, ಕಾರ್ಟ್ರಿಜ್‌ಗೆ 18. 1:80,000 ಆದರೆ 22.5, 1:2,00,000 ಆದರೆ 9. ಆರೋಗ್ಯವಂತ ವಯಸ್ಕರಿಗೆ ಒಂದು ಭೇಟಿಯಲ್ಲಿ ಅಡ್ರಿನಲಿನ್ ಮಿತಿ 200 ಮೈಕ್ರೊಗ್ರಾಂ, ಹೃದ್ರೋಗಿಗಳಿಗೆ 40. ಅಂದರೆ ಹೃದ್ರೋಗಿಗೆ 1:1,00,000 ಇರುವ ಕಾರ್ಟ್ರಿಜ್ ಎರಡು, 1:80,000 ಆದರೆ ಎರಡೂ ತುಂಬುವುದಿಲ್ಲ.

ಮಕ್ಕಳಲ್ಲಿ ಲಿಗ್ನೊಕೇನ್‌ನ ಮಿತಿಯೇ ಮೊದಲು ಎದುರಾಗುತ್ತದೆ. ಕಿಲೋಗೆ 4.4 ಮಿಲಿಗ್ರಾಂ ಎಂದು ಹಿಡಿದರೆ 15 ಕಿಲೋ ತೂಕದ ಮಗುವಿಗೆ 66 ಮಿಲಿಗ್ರಾಂ. ಎರಡು ಕಾರ್ಟ್ರಿಜ್ ಎಂದರೆ 72, ಮಿತಿ ದಾಟಿತು. ಎರಡೂ ಕಡೆ ಒಂದೇ ದಿನ ಕೆಲಸ ಮುಗಿಸಿಬಿಡೋಣ ಎಂಬ ಉತ್ಸಾಹದಲ್ಲಿ ತಪ್ಪುವುದು ಇಲ್ಲೇ. ಮಿತಿ ಮೀರಿದಾಗ, ಅಥವಾ ಆಸ್ಪಿರೇಟ್ ಮಾಡದೆ ಸೀದಾ ರಕ್ತನಾಳಕ್ಕೆ ಬಿಟ್ಟಾಗ, ಮೊದಲು ಮೆದುಳಿನ ತಡೆಯುವ ನ್ಯೂರಾನ್‌ಗಳು ಮಂಕಾಗುತ್ತವೆ. ಹಾಗಾಗಿ ಆರಂಭದ ಲಕ್ಷಣ ಮಂಪರಲ್ಲ, ಹೆಚ್ಚಾಗಿ ಉದ್ರೇಕ: ಮಾತು ಹೆಚ್ಚುವುದು, ನಡುಕ, ಬಾಯಿಯ ಸುತ್ತ ಜುಮ್ಮೆನ್ನುವುದು, ಆಮೇಲೆ ಸೆಳವು. ಅದಾದ ಮೇಲೆಯೇ ಎಲ್ಲ ಕುಗ್ಗಿ, ಉಸಿರಾಟ ನಿಲ್ಲುವ ಹಂತ.

ಪಲ್ಪ್‌ನ ಜೋಮು ಒಂದು, ಒಂದೂವರೆ ಗಂಟೆಯಲ್ಲಿ ಇಳಿದರೂ ತುಟಿ, ನಾಲಿಗೆಯದು 3ರಿಂದ 5 ಗಂಟೆ ಉಳಿಯುತ್ತದೆ. ಮಗು ಅರಿವಿಲ್ಲದೆ ತುಟಿ ಅಗಿದು ಗಾಯ ಮಾಡಿಕೊಳ್ಳುವ ಅವಧಿ ಇದು. ಜೋಮು ಇಳಿಯುವ ತನಕ ಊಟ ಬೇಡ, ಬಿಸಿಯಾದದ್ದು ಬೇಡ, ಮಗುವಿನ ಮೇಲೆ ಕಣ್ಣಿರಲಿ ಎಂದು ತಂದೆತಾಯಿಗೆ ಹೇಳಿ ಕಳಿಸಬೇಕು. ಮರುದಿನ ಬಾಯಿ ತೆರೆಯಲಾಗುತ್ತಿಲ್ಲ ಎಂದು ಬಂದವರಿಗೆ ಮೀಡಿಯಲ್ ಟೆರಿಗಾಯ್ಡ್ ನೆನಪಾಗಲಿ: ಗಂಟೆಗೊಮ್ಮೆ 20 ನಿಮಿಷ ಬಿಸಿ ಶಾಖ, ಬೆಚ್ಚನೆಯ ಉಪ್ಪುನೀರು, ಮೂರ್ನಾಲ್ಕು ಗಂಟೆಗೊಮ್ಮೆ ಐದು ನಿಮಿಷ ಬಾಯಿ ತೆರೆದು ಮುಚ್ಚುವ ವ್ಯಾಯಾಮ. ಎರಡು ಮೂರು ದಿನಗಳಲ್ಲಿ ಸುಧಾರಿಸದೆ ಜ್ವರ, ನುಂಗಲು ಕಷ್ಟ ಕಾಣಿಸಿಕೊಂಡರೆ ಆ ಕೋಣೆಯೊಳಗೆ ಸೋಂಕು ಸೇರಿದೆಯೇ ಎಂದು ನೋಡಬೇಕು. ಮರುದಿನವೂ ನಾಲಿಗೆಯ ಅರ್ಧಕ್ಕೆ ಜೋಮು ಬಿಟ್ಟಿಲ್ಲ ಎಂದು ಯಾರಾದರೂ ಫೋನ್ ಮಾಡಿದರೆ ಅದು ಲಿಂಗ್ವಲ್ ನರದ ಮಾತು. ಅವರನ್ನು ಅಂದೇ ಕರೆಸಿ, ಮೊಂಡು ತುದಿಯಿಂದ, ಹತ್ತಿ ಎಳೆಯಿಂದ ನಾಲಿಗೆಯ ಎರಡೂ ಮಗ್ಗುಲು ಹೋಲಿಸಿ, ಸ್ಪರ್ಶ ಎಲ್ಲಿಂದ ಎಲ್ಲಿಯವರೆಗೆ ಇಲ್ಲ, ರುಚಿ ಇದೆಯೇ ಎಂಬುದನ್ನು ಚಿತ್ರ ಬರೆದು ದಿನಾಂಕ ಹಾಕಿಡಿ. ಹೆಚ್ಚಿನವು ಎಂಟು ವಾರಗಳೊಳಗೆ ತಾವಾಗಿಯೇ ಸರಿಹೋಗುತ್ತವೆ. ಹೋಗುತ್ತಿದೆಯೇ ಇಲ್ಲವೇ ಎಂದು ಮುಂದಿನ ಭೇಟಿಯಲ್ಲಿ ತಿಳಿಯುವುದು ಆ ಮೊದಲ ಚಿತ್ರದ ಪಕ್ಕ ಎರಡನೆಯದನ್ನು ಇಟ್ಟು ನೋಡಿದಾಗ.